ಎಲುಬಿಗಿಳಿದ ಏಡಿಗಂತಿ

ಏಡಿಗಂತಿ ಎಂಬ ಮಾತನ್ನು ಈಗ ಆಡುವವರು ಕಡಮೆ. ಕ್ಯಾನ್ಸರ್ ಎಂದರೆ ಶಾಲೆಗೆ ಹೋಗುವ ಮಕ್ಕಳಿಗೂ ತಿಳಿಯುತ್ತದೆ. ಆದರೆ ಹಿಂದಿನವರು ಬಳಸಿದ ಹೆಸರು ಅರ್ಥವತ್ತಾದುದು. ಗ್ರೀಕರು ಈ ರೋಗವನ್ನು ಏಡಿಗೆ ಹೋಲಿಸಿದರು. ನಮ್ಮ ಹೆಸರೂ ಅದೇ ಜಾಡನ್ನು ಹಿಡಿಯಿತು. ಕಾಪು, ಮಲ್ಪೆಗಳ ಮರಳಿನಲ್ಲಿ ಆಡಿ ಬೆಳೆದವರಿಗೆ ಏಡಿಯ ನಡಿಗೆಯನ್ನು ವಿವರಿಸಬೇಕಾಗಿಲ್ಲ. ಅದು ನೇರ ನಡೆಯುವುದಿಲ್ಲ, ಅಡ್ಡ ನಡೆಯುತ್ತದೆ. ಈ ರೋಗವೂ ಕೆಲವೊಮ್ಮೆ ಹುಟ್ಟಿದ ಕಡೆ ಸುಮ್ಮನಿದ್ದು, ಯಾರೂ ನೆನೆಯದ ಇನ್ನೊಂದು ಕಡೆ ತಲೆಯೆತ್ತುತ್ತದೆ.

ಒಂದು ಸಂಗತಿಯನ್ನು ಊಹಿಸಿಕೊಳ್ಳಿ. ಕಾಪುವಿನ ಪೇಟೆಯಲ್ಲಿ ಅಂಗಡಿಯಿಟ್ಟುಕೊಂಡ ಗೃಹಸ್ಥರೊಬ್ಬರು, ವಯಸ್ಸು ಐವತ್ತೆಂಟು. ಮೂರು ತಿಂಗಳಿಂದ ಬಲದ ತೊಡೆಯಲ್ಲಿ ನೋವು. ಮೊದಮೊದಲು ನಡೆಯುವಾಗ ಮಾತ್ರ, ಆಮೇಲೆ ರಾತ್ರಿ ಮಲಗಿದಾಗಲೂ. ಮನೆಯವರು ವಾಯು ಎಂದರು, ನೆರೆಯವರು ಉಳುಕು ಎಂದರು. ಕೊಟ್ಟಂಚುಕ್ಕಾದಿ ತೈಲವನ್ನು ಬಿಸಿಮಾಡಿ ತಿಕ್ಕಿದ್ದೂ ಆಯಿತು. ಒಂದು ದಿನ ಬಸ್ಸಿನಿಂದ ಇಳಿಯುವಾಗ ಕಾಲೂರಿದ್ದೇ ತಡ, ತೊಡೆಯೆಲುಬು ತಟಕ್ಕನೆ ಮುರಿಯಿತು. ಬಿದ್ದು ಮುರಿದದ್ದಲ್ಲ, ಮುರಿದು ಬಿದ್ದದ್ದು. ಕ್ಷಕಿರಣದ ಚಿತ್ರ ತೆಗೆದು ನೋಡಿದರೆ ಎಲುಬು ಮುರಿದ ಕಡೆ ಗೆದ್ದಲು ತಿಂದ ಪಕಾಸಿಯಂತೆ ಟೊಳ್ಳಾಗಿದೆ. ಹೊಟ್ಟೆಯನ್ನು ಪರೀಕ್ಷಿಸಿದರೆ ಎಡದ ಮೂತ್ರಪಿಂಡದಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಗಂತಿ. ಅಲ್ಲಿ ಇವರಿಗೆ ಒಂದು ದಿನವೂ ನೋವೆನಿಸಿದ್ದಿಲ್ಲ.

ಈ ಗೃಹಸ್ಥರು ಕಲ್ಪಿತ ವ್ಯಕ್ತಿ. ಆದರೆ ಇವರಿಗೆ ಆದುದು ಈ ರೋಗದಲ್ಲಿ ಆಗತಕ್ಕದ್ದೇ. ಮೂತ್ರಪಿಂಡದ ಅರ್ಬುದ ದೇಹದಲ್ಲಿ ಹರಡಿದವರ ಪೈಕಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಎಲುಬನ್ನು ಹಿಡಿಯುತ್ತದೆ. ಶ್ವಾಸಕೋಶವನ್ನು ಬಿಟ್ಟರೆ ಅದಕ್ಕೆ ಮೆಚ್ಚಿನ ಜಾಗ ಎಲುಬೇ: ಬೆನ್ನೆಲುಬು, ಸೊಂಟದೆಲುಬು, ಪಕ್ಕೆಲುಬು, ತೊಡೆಯ ಮತ್ತು ತೋಳಿನ ಮೇಲ್ಭಾಗ. ಇವರನ್ನೇ ಜೊತೆಗಿರಿಸಿಕೊಂಡು, ಬೇರೆ ಬೇರೆ ಕಾಲಗಳಲ್ಲಿ ನಮ್ಮ ಈ ಕರಾವಳಿಯಲ್ಲಿ ಇಂಥವರಿಗೆ ಏನು ದೊರೆಯುತ್ತಿತ್ತು ಎಂಬುದನ್ನು ನೋಡೋಣ. ವೈದ್ಯಶಾಸ್ತ್ರದ ಚರಿತ್ರೆಯನ್ನು ದೊಡ್ಡ ದೊಡ್ಡ ಹೆಸರುಗಳ ಮೇಲಿನಿಂದ ಹೇಳುವುದು ವಾಡಿಕೆ. ಮುರಿದ ಕಾಲಿನ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಮೊದಲು, ಮೂತ್ರಪಿಂಡಕ್ಕೂ ಕಾಲಿನ ಎಲುಬಿಗೂ ಏನು ಸಂಬಂಧ ಎಂಬ ಪ್ರಶ್ನೆ. ಬೆನ್ನ ಹಿಂದೆ, ಪಕ್ಕೆಲುಬಿನ ಕೆಳಗೆ, ಎರಡು ಕಡೆ ಅಡಗಿರುವ ಈ ಪಿಂಡಗಳು ಒಂದೊಂದೂ ನಮ್ಮ ಮುಷ್ಟಿಯಷ್ಟು ದೊಡ್ಡವು. ಗಾತ್ರ ಸಣ್ಣದು, ಆದರೆ ಹೃದಯ ಹೊರಡಿಸುವ ರಕ್ತದಲ್ಲಿ ಐದನೆಯ ಒಂದು ಪಾಲು ಇವೆರಡರ ಮೂಲಕವೇ ಹಾದುಹೋಗುತ್ತದೆ. ಇಲ್ಲಿ ಹುಟ್ಟಿದ ಗಂತಿಗೆ ರಕ್ತನಾಳವೆಂಬ ಹೆದ್ದಾರಿ ಮನೆಬಾಗಿಲಲ್ಲೇ ಇದೆ. 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ಎಂಬ ಶರೀರಶಾಸ್ತ್ರಜ್ಞರು ಬೆನ್ನೆಲುಬಿನ ಸುತ್ತ ಇರುವ ಒಂದು ನಾಳಜಾಲವನ್ನು ವಿವರಿಸಿದರು. ಆ ನಾಳಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದರೂ ಮುಕ್ಕಿದರೂ ರಕ್ತ ಅತ್ತಿತ್ತ ಹೊಯ್ದಾಡುತ್ತದೆ. ಹೊಟ್ಟೆಯ ಭಾಗದ ಅರ್ಬುದಗಳು ಬೆನ್ನೆಲುಬನ್ನೇ ಏಕೆ ಹಿಡಿಯುತ್ತವೆ ಎಂಬುದಕ್ಕೆ ಇದು ಒಂದು ಉತ್ತರ.

ಇನ್ನೊಂದು ಉತ್ತರ ಅದಕ್ಕಿಂತ ಹಳೆಯದು, ಮತ್ತು ನಮ್ಮ ರೈತರಿಗೆ ಹೆಚ್ಚು ಹಿಡಿಸತಕ್ಕದ್ದು. 1889ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪೇಜೆಟ್ ಎಂಬ ಶಸ್ತ್ರವೈದ್ಯರು, ಸ್ತನದ ಅರ್ಬುದದಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ನೋಡಿ, ರೋಗದ ಬೀಜ ಎಲ್ಲ ಕಡೆಗೂ ಹಾರಿಹೋಗುತ್ತದೆ, ಆದರೆ ಒಗ್ಗುವ ಮಣ್ಣು ಸಿಕ್ಕಿದಲ್ಲಿ ಮಾತ್ರ ಮೊಳೆಯುತ್ತದೆ ಎಂದು ವಾದಿಸಿದರು. ಕಾರ್ಕಳದ ಕಡೆಯ ಬೇಸಾಯಗಾರರಿಗೆ ಇದು ಹೊಸ ಮಾತೆ? ಬೈಲುಗದ್ದೆಯಲ್ಲಿ ಮೂರನೆಯ ಬೆಳೆಯಾದ ಕೊಳಕೆಯೂ ಬರುತ್ತದೆ; ಬೆಟ್ಟುಗದ್ದೆಯಲ್ಲಿ ಅದೇ ಬೀಜ ಚೆಲ್ಲಿದರೆ ಒಣಗಿಹೋಗುತ್ತದೆ. ಎಲುಬು ಈ ಗಂತಿಗೆ ಬೈಲುಗದ್ದೆ. ಕಲ್ಲಿನಂತೆ ಜಡವಾಗಿ ಕಂಡರೂ ಎಲುಬು ಜೀವಂತ ವಸ್ತು. ಹಳೆಯದನ್ನು ಕೆಡಹುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರಲ್ಲಿ ಜೀವಮಾನವಿಡೀ ದುಡಿಯುತ್ತಿರುತ್ತವೆ. ಮೂತ್ರಪಿಂಡದಿಂದ ಬಂದ ಅರ್ಬುದಕೋಶವು ಕೆಡಹುವವರನ್ನು ಹುರಿದುಂಬಿಸುತ್ತದೆ. ಅವರು ಕೆಡಹಿದಂತೆಲ್ಲ ಎಲುಬಿನೊಳಗೆ ಹುದುಗಿದ್ದ ಪೋಷಕದ್ರವ್ಯಗಳು ಹೊರಬಿದ್ದು ಅರ್ಬುದಕ್ಕೇ ಗೊಬ್ಬರವಾಗುತ್ತವೆ. ಹೀಗೆ ಎಲುಬು ಒಳಗೊಳಗೇ ಕರಗಿ, ಒಂದು ದಿನ ಬಸ್ಸಿನ ಮೆಟ್ಟಲಿನಲ್ಲಿ ಮುರಿಯುತ್ತದೆ.

ಮೂತ್ರಪಿಂಡವನ್ನು ತೆಗೆದರೆ ಮನುಷ್ಯ ಬದುಕುತ್ತಾನೆಯೆ ಎಂಬುದೇ ನೂರೈವತ್ತು ವರ್ಷಗಳ ಹಿಂದೆ ಖಚಿತವಿರಲಿಲ್ಲ. 1861ರಲ್ಲಿ ಅಮೆರಿಕದಲ್ಲಿ ಒಬ್ಬ ವೈದ್ಯರು ಯಕೃತ್ತಿನ ಗಂತಿಯೆಂದು ತಿಳಿದು ಕೊಯ್ದದ್ದು ಮೂತ್ರಪಿಂಡವಾಗಿತ್ತು, ರೋಗಿ ಉಳಿಯಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗಿನ ಗುಸ್ಟಾಫ್ ಸೀಮೋನರು ನಾಯಿಗಳ ಮೇಲೆ, ಹೆಣಗಳ ಮೇಲೆ ಅಭ್ಯಾಸ ಮಾಡಿ, 1869ರ ಆಗಸ್ಟ್ 2ರಂದು ಬುದ್ಧಿಪೂರ್ವಕವಾಗಿ ಒಂದು ಮೂತ್ರಪಿಂಡವನ್ನು ತೆಗೆದರು. ಆ ಹೆಂಗಸು ಬದುಕಿ ಮನೆಗೆ ಹೋದಳು. 1883ರಲ್ಲಿ ಪೌಲ್ ಗ್ರಾವಿಟ್ಸ್ ಎಂಬ ಇನ್ನೊಬ್ಬ ಜರ್ಮನ್ ಪಂಡಿತರು ಈ ಗಂತಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಳದಿಯ ಕೊಬ್ಬು ತುಂಬಿದ ಇವು ಮೂತ್ರಪಿಂಡದವಲ್ಲ, ಅದರ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಹುಟ್ಟಿದವು ಎಂದು ತೀರ್ಮಾನಿಸಿದರು. ತೀರ್ಮಾನ ತಪ್ಪಾಗಿತ್ತು. ಆದರೂ ಅದರಿಂದ ಹುಟ್ಟಿದ ‘ಹೈಪರ್‌ನೆಫ್ರೋಮ’ ಎಂಬ ಹೆಸರು ಆಸ್ಪತ್ರೆಯ ಕಾಗದಗಳಲ್ಲಿ ಹಲವು ದಶಕಗಳ ಕಾಲ ಉಳಿದುಕೊಂಡಿತು. ತಪ್ಪು ಹೆಸರಿಗೆ ಆಯುಸ್ಸು ಹೆಚ್ಚು.

ಆ ಕಾಲದ ನಮ್ಮ ಜಿಲ್ಲೆಯಲ್ಲಿ ಏನಿತ್ತು? ಮಂಗಳೂರಿನಲ್ಲಿ 1848ರಷ್ಟು ಹಿಂದೆ ಆರಂಭವಾದ ಸರಕಾರಿ ಆಸ್ಪತ್ರೆ, ಮುಂದೆ ಮದರಾಸಿನ ಗವರ್ನರ್ ವೆನ್ಲಾಕರ ಹೆಸರು ಹೊತ್ತದ್ದು. ಕಂಕನಾಡಿಯಲ್ಲಿ ಫಾದರ್ ಮುಲ್ಲರರು 1880ರಲ್ಲಿ ತೊಡಗಿಸಿದ ಔಷಧಾಲಯ. ಉಡುಪಿಗೆ ಬಾಸೆಲ್ ಮಿಶನ್ನಿನ ಕಡೆಯಿಂದ ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ ಬಂದು ಆಸ್ಪತ್ರೆ ತೆರೆದುದು 1923ರಲ್ಲಿ. ಈಗಲೂ ಅದು ಅವರ ಹೆಸರಿನಲ್ಲೇ ನಡೆಯುತ್ತಿದೆ. ನಮ್ಮ ಕಾಪುವಿನ ಗೃಹಸ್ಥರು 1923ರಲ್ಲಿ ಕಾಲು ಮುರಿದುಕೊಂಡಿದ್ದರೆ, ಹಲಗೆ ಕಟ್ಟಿ ಮಲಗಿಸುವುದು, ನೋವಿಗೆ ಅಫೀಮಿನ ಔಷಧ ಕೊಡುವುದು, ಇಷ್ಟೇ ಚಿಕಿತ್ಸೆ. ಅರ್ಬುದ ತುಂಬಿದ ಎಲುಬು ಸಾಧಾರಣ ಎಲುಬಿನಂತೆ ಕೂಡಿಕೊಳ್ಳುವುದಿಲ್ಲ. ಅವರು ಮಲಗಿದ ಹಾಸಿಗೆಯಿಂದ ಮತ್ತೆ ಏಳುತ್ತಿರಲಿಲ್ಲ, ಮತ್ತು ರೋಗದ ಮೂಲ ಯಾವುದೆಂಬುದು ಮನೆಯವರಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ.

1939ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದವು. ಒಂದು ಬಹಳ ಪ್ರಸಿದ್ಧವಾಯಿತು. ಬೋಸ್ಟನ್ನಿನ ಬಾರ್ನಿ ಮತ್ತು ಚರ್ಚಿಲ್ ಎಂಬ ವೈದ್ಯರು ಒಬ್ಬ ರೋಗಿಯ ಮೂತ್ರಪಿಂಡವನ್ನೂ, ಶ್ವಾಸಕೋಶಕ್ಕೆ ಹರಡಿದ್ದ ಒಂದೇ ಒಂದು ಗಂತಿಯನ್ನೂ ತೆಗೆದ ವೃತ್ತಾಂತವನ್ನು ಆ ವರ್ಷ ಪ್ರಕಟಿಸಿದರು. ಆ ರೋಗಿ 23 ವರ್ಷ ಬದುಕಿ ಕೊನೆಗೆ ಹೃದ್ರೋಗದಿಂದ ತೀರಿಕೊಂಡರು. ಹರಡಿದ ಮೇಲೆ ಮುಗಿಯಿತು ಎಂಬ ಮಾತಿಗೆ ಇದು ಮೊದಲ ಎದುರುತ್ತರ. ಇಂದಿಗೂ ಎಲುಬಿನಲ್ಲಿ ಒಂದೇ ಒಂದು ಗಂತಿಯಿದ್ದು ಬೇರೆಲ್ಲೂ ಇಲ್ಲವಾದರೆ, ಅದನ್ನು ಪೂರ್ಣವಾಗಿ ಕೊಯ್ದು ತೆಗೆಯುವ ಯೋಚನೆ ಮಾಡುವುದುಂಟು. ಎರಡನೆಯ ಸಂಗತಿ ಅಷ್ಟು ಹೆಸರು ಪಡೆಯಲಿಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕ್ಯುಂಟ್ಶರ್ ಎಂಬವರು ತೊಡೆಯೆಲುಬಿನ ಒಳಗಿನ ಪೊಳ್ಳಿನಲ್ಲಿ ಉದ್ದನೆಯ ಲೋಹದ ಸರಳನ್ನು ತೂರಿಸಿ ಮುರಿದ ಎಲುಬನ್ನು ನಿಲ್ಲಿಸಿದರು. ಅವರ ಮನಸ್ಸಿನಲ್ಲಿದ್ದುದು ಅಪಘಾತದ ಗಾಯಾಳುಗಳು, ಅರ್ಬುದ ರೋಗಿಗಳಲ್ಲ. ಆದರೂ ಎಲುಬಿಗೆ ಅರ್ಬುದ ಇಳಿದವರನ್ನು ಹಾಸಿಗೆಯಿಂದ ಎಬ್ಬಿಸಿದ ಪುಣ್ಯದಲ್ಲಿ, ನನ್ನ ಲೆಕ್ಕದಲ್ಲಿ, ದೊಡ್ಡ ಪಾಲು ಈ ಸರಳಿಗೆ ಸಲ್ಲಬೇಕು.

ನಮ್ಮ ದೇಶದ ದೊಡ್ಡ ಅರ್ಬುದ ಆಸ್ಪತ್ರೆ ಬೊಂಬಾಯಿಯ ಪರೇಲಿನಲ್ಲಿ 1941ರ ಫೆಬ್ರವರಿ 28ರಂದು ತೆರೆಯಿತು. ಟಾಟಾ ಆಸ್ಪತ್ರೆ ಎಂದರೆ ಗೊತ್ತಿಲ್ಲದವರಾರು? ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿನ ಆಡಳಿತದಲ್ಲಿದ್ದರೂ ನಮ್ಮವರ ಕಣ್ಣು ಬೊಂಬಾಯಿಯ ಕಡೆಗೇ. ಮಂಗಳೂರಿನಿಂದ ಹಡಗು ಹತ್ತಿ ಹೋಗಿ ಹೋಟೆಲಿನಲ್ಲಿ ದುಡಿಯುವ ಅಣ್ಣನೋ, ಗಿರಣಿಯಲ್ಲಿ ಕೆಲಸದಲ್ಲಿರುವ ಮಾವನೋ ಪ್ರತಿಯೊಂದು ಮನೆಗೂ ಇದ್ದರು. ರೋಗಿಯನ್ನು ಕರೆದುಕೊಂಡು ಹೋದವರು ಇವರ ಖೋಲಿಯಲ್ಲೇ ಇಳಿದುಕೊಳ್ಳುತ್ತಿದ್ದರು. ಆದರೆ ಮುರಿದ ತೊಡೆಯ ಮನುಷ್ಯನನ್ನು ಹಡಗಿಗೆ ಏರಿಸುವುದೆಂದರೆ ಏನೆಂದು ಯೋಚಿಸಿ ನೋಡಿ. ಹೊಟ್ಟೆಯ, ಗಂಟಲಿನ ರೋಗದವರು ಹೋದರು. ಎಲುಬಿನವರು ಹಿಂದೆ ಉಳಿದರು. ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ಉಡುಪಿಯ ಇಂದ್ರಾಳಿಯಲ್ಲಿ ಬೊಂಬಾಯಿಯ ಗಾಡಿ ನಿಲ್ಲುವಂತಾದುದು 1998ರಲ್ಲಷ್ಟೆ.

ಆದುದರಿಂದ ಮಣಿಪಾಲದ ಗುಡ್ಡದ ಮೇಲೆ ನಡೆದುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಣ್ಣುಪಳ್ಳ ಎಂಬ ಕೆರೆಯಿಂದ ಹೆಸರು ಪಡೆದ ಆ ಜಾಗ ಮುರಕಲ್ಲಿನ ಬೋಳುಗುಡ್ಡ. ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಬಂದ ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಸರಕಾರದ ಬೊಕ್ಕಸವನ್ನು ಕಾಯದೆ, ಕಲಿಯುವವರ ಹಣದಿಂದಲೇ ಕಾಲೇಜು ನಡೆಸುವ ಆ ಕ್ರಮ ದೇಶದಲ್ಲಿ ಆಗ ಹೊಸದು. ಅದನ್ನು ಕುರಿತು ಆಗಲೂ ವಾದವಿತ್ತು, ಈಗಲೂ ಇದೆ. ಆ ವಾದ ಈ ಲೇಖನಕ್ಕೆ ಬೇಡ. ಮೊದಲಲ್ಲಿ ರೋಗಿಗಳನ್ನು ನೋಡಿ ಕಲಿಯುವ ಪಾಠ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ನಡೆಯುತ್ತಿತ್ತು. 1961ರಲ್ಲಿ ಗುಡ್ಡದ ಮೇಲೆಯೇ ಕಸ್ತೂರ್ಬಾ ಆಸ್ಪತ್ರೆ ಬಂದಿತು. ಈಗ ಅದೇ ಆವರಣದಲ್ಲಿ ಶಿರ್ಡಿ ಸಾಯಿಬಾಬಾರ ಹೆಸರಿನ ಅರ್ಬುದ ಆಸ್ಪತ್ರೆಯಿದೆ. ಕಾರ್ಕಳದಲ್ಲಿ ಪೈಗಳ ಹೆಸರಿನ ರೋಟರಿ ಆಸ್ಪತ್ರೆ ಇದೆ. ಬೊಂಬಾಯಿಯ ಹಡಗಿನ ದಾರಿ ಹೀಗೆ ಕಾಪುವಿನಿಂದ ಅರ್ಧ ಗಂಟೆಯ ಬಸ್ಸಿನ ದಾರಿಯಾಯಿತು. ಕಾಲು ಮುರಿದವನಿಗೆ ಇದಕ್ಕಿಂತ ದೊಡ್ಡ ವೈದ್ಯಕೀಯ ಪ್ರಗತಿ ಬೇರೆ ಬೇಕೆ? ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದುದು 1973ರಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಹತ್ತಿರದಲ್ಲಿ ಆಸ್ಪತ್ರೆಯೇನೋ ಆಯಿತು, ಮದ್ದು? 1963ರಲ್ಲಿ ಕೆನಡಾದ ಚಾರ್ಲ್ಸ್ ರಾಬ್ಸನ್ ಮೂತ್ರಪಿಂಡವನ್ನು ಅದರ ಸುತ್ತಲಿನ ಕೊಬ್ಬು, ಪೊರೆ, ಹಾಲ್ರಸದ ಗ್ರಂಥಿಗಳ ಸಮೇತ ಇಡಿಯಾಗಿ ತೆಗೆಯುವ ಶಸ್ತ್ರಕ್ರಿಯೆಯನ್ನು ಪ್ರತಿಪಾದಿಸಿದರು. ರೋಗ ಅಲ್ಲೇ ಇದ್ದವರಿಗೆ ಅದು ವರವಾಯಿತು. ಹರಡಿದವರಿಗೆ ಹೆಚ್ಚಿನ ಉಪಯೋಗವಾಗಲಿಲ್ಲ. ಬೇರೆ ಅರ್ಬುದಗಳಿಗೆ ನಾಟುವ ವಿಷೌಷಧಗಳು ಇದಕ್ಕೆ ನಾಟಲಿಲ್ಲ. ಹಾರ್ಮೋನು ಕೊಟ್ಟು ನೋಡಿದರು, ಅದೂ ಅಷ್ಟೆ. 1980ರ ದಶಕದಲ್ಲಿ ಇಂಟರ್‌ಫೆರಾನ್, 1992ರಲ್ಲಿ ಅಮೆರಿಕದಲ್ಲಿ ಮಂಜೂರಾದ ಇಂಟರ್‌ಲ್ಯೂಕಿನ್-2, ಇವು ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಮದ್ದುಗಳು. ಕೆಲವರಿಗೆ ರೋಗ ಪೂರ್ತಿ ಮಾಯವಾದದ್ದೂ ಉಂಟು. ಆದರೆ ಅಂಥವರು ನೂರಕ್ಕೆ ಬೆರಳೆಣಿಕೆಯಷ್ಟು, ಮತ್ತು ಮದ್ದಿನ ಉಪದ್ರವ ತಾಳುವಂಥದಲ್ಲ.

ಕಿರಣಚಿಕಿತ್ಸೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮೂತ್ರಪಿಂಡದ ಅರ್ಬುದ ಕಿರಣಕ್ಕೆ ಬಗ್ಗದ ಜಾತಿ ಎಂದು ಪುಸ್ತಕಗಳು ಬಹುಕಾಲ ಬರೆದವು. ಬುಡಸಹಿತ ನಾಶಮಾಡುವ ಅರ್ಥದಲ್ಲಿ ಆಗಿನ ಯಂತ್ರಗಳಿಗೆ ಅದು ನಿಜವಿರಬಹುದು. ಆದರೆ ಎಲುಬಿನ ನೋವನ್ನು ತಗ್ಗಿಸುವುದಕ್ಕೆ ಕಿರಣ ಚೆನ್ನಾಗಿಯೇ ಕೆಲಸ ಮಾಡುತ್ತದೆ. ‘ಬಗ್ಗದ ಜಾತಿ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಎಷ್ಟು ಮಂದಿಗೆ ಆ ನೆಮ್ಮದಿ ತಪ್ಪಿತೋ! 1990ರ ದಶಕದಲ್ಲಿ ಯುರೋಪಿನಲ್ಲಿ ದೊಡ್ಡ ಪರೀಕ್ಷೆಗಳನ್ನು ನಡೆಸಿ ನೋಡಿದಾಗ, ನಾನಾ ಅಂಗಗಳಿಂದ ಎಲುಬಿಗಿಳಿದ ಅರ್ಬುದದ ನೋವಿಗೆ ಹಲವು ದಿನ ಹಂಚಿ ಕೊಡುವ ಕಿರಣವೂ, 8 ಗ್ರೇ ಪ್ರಮಾಣದಲ್ಲಿ ಒಂದೇ ಸಲ ಕೊಡುವ ಕಿರಣವೂ ನೋವಿನ ಮಟ್ಟಿಗೆ ಹೆಚ್ಚುಕಡಮೆ ಸಮಾನವೆಂದು ಕಂಡಿತು. ಒಂದೇ ಸಲ ಕೊಟ್ಟವರಿಗೆ ಮುಂದೆ ಮತ್ತೊಮ್ಮೆ ಕೊಡಬೇಕಾಗುವುದು ಹೆಚ್ಚು, ನಿಜ. ಆದರೂ ಕಾರ್ಕಳದ ಒಳಗಿನ ಹಳ್ಳಿಯಿಂದ ಕಾರು ಬಾಡಿಗೆಗೆ ಹಿಡಿದು ಬರುವ ಸಂಸಾರಕ್ಕೆ ಹತ್ತು ದಿನದ ಪ್ರಯಾಣಕ್ಕೂ ಒಂದು ದಿನದ ಪ್ರಯಾಣಕ್ಕೂ ಇರುವ ಅಂತರವನ್ನು ಯಾರೂ ತಿಳಿಸಿ ಹೇಳಬೇಕಾಗಿಲ್ಲ.

ಮದ್ದಿನ ಬಾಗಿಲು ತೆರೆದುದು ಯಾರೂ ನಿರೀಕ್ಷಿಸದ ಕಡೆಯಿಂದ. 1904ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಫಾನ್ ಹಿಪೆಲ್ ಒಂದು ಅಪರೂಪದ ವಂಶರೋಗವನ್ನು ಬಣ್ಣಿಸಿದ್ದರು. ಕಣ್ಣಿನಲ್ಲಿ ರಕ್ತನಾಳಗಳ ಗಂಟು. 1926ರಲ್ಲಿ ಸ್ವೀಡನ್ನಿನ ಲಿಂಡಾವ್ ಅಂಥದೇ ಗಂಟುಗಳನ್ನು ಮೆದುಳಿನಲ್ಲಿ ಕಂಡು ಎರಡನ್ನೂ ಜೋಡಿಸಿದರು. ಆ ಮನೆತನಗಳವರಿಗೆ ಮೂತ್ರಪಿಂಡದ ಅರ್ಬುದವೂ ಬರುತ್ತಿತ್ತು. 1993ರಲ್ಲಿ ಅದಕ್ಕೆ ಕಾರಣವಾದ ಜೀನು ಸಿಕ್ಕಿತು. ವಂಶರೋಗವಿಲ್ಲದ ಸಾಮಾನ್ಯ ರೋಗಿಗಳ ಗಂತಿಯಲ್ಲೂ ಬಹುಪಾಲು ಅದೇ ಜೀನು ಕೆಟ್ಟಿರುತ್ತದೆ. ಅದು ಕೆಟ್ಟರೆ ಜೀವಕೋಶಕ್ಕೆ, ಸುತ್ತ ಬೇಕಾದಷ್ಟು ಪ್ರಾಣವಾಯು ಇದ್ದರೂ, ಉಸಿರುಕಟ್ಟಿದ ಭ್ರಮೆ. ರಕ್ತ ಬೇಕು, ರಕ್ತ ಬೇಕು ಎಂದು ಅದು ಕೂಗುತ್ತದೆ. ಹೊಸ ರಕ್ತನಾಳಗಳು ಮುತ್ತುತ್ತವೆ. ಜೀವಕೋಶ ಪ್ರಾಣವಾಯುವನ್ನು ಅಳೆಯುವ ಈ ಬಗೆಯನ್ನು ಬಿಡಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಎಲುಬಿಗೆ ಇಳಿದ ಗಂತಿಯೂ ರಕ್ತದ ಚೀಲವೇ. ಕೆಲವೊಮ್ಮೆ ಮುಟ್ಟಿದರೆ ನಾಡಿಯಂತೆ ಮಿಡಿಯುತ್ತದೆ. ತಿಳಿಯದೆ ಕತ್ತರಿಸಲು ಹೋದ ಶಸ್ತ್ರವೈದ್ಯರು ರಕ್ತದ ಹೊಳೆಯಲ್ಲಿ ಕೈಯಾಡಿಸಬೇಕಾಗುತ್ತಿತ್ತು. ಅದಕ್ಕೆ 1970ರ ದಶಕದಿಂದೀಚೆಗೆ, ಕೊಯ್ಯುವ ಮೊದಲು ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ ಗಂತಿಗೆ ಹೋಗುವ ರಕ್ತವನ್ನು ಕಟ್ಟುವ ವಿಧಾನ ರೂಢಿಗೆ ಬಂದಿತು.

ಹೊಸ ರಕ್ತನಾಳ ಮೂಡದಂತೆ ತಡೆಯುವ ಮಾತ್ರೆಗಳು ಬಂದವು: 2005ರ ಕೊನೆಯಲ್ಲಿ ಅಮೆರಿಕದಲ್ಲಿ ಸೊರಾಫೆನಿಬ್, 2006ರ ಆರಂಭದಲ್ಲಿ ಸುನಿಟಿನಿಬ್. ಸುನಿಟಿನಿಬ್ ನುಂಗಿದವರಲ್ಲಿ ರೋಗ ಮುಂದುವರಿಯದೆ ನಿಂತ ಕಾಲ ಸರಾಸರಿ ಹನ್ನೊಂದು ತಿಂಗಳು. ಇಂಟರ್‌ಫೆರಾನ್ ಪಡೆದವರಲ್ಲಿ ಐದು. ಗುಣವಾಯಿತೆಂದಲ್ಲ, ತಡೆಯಿತು. ಮನೆಯಲ್ಲೇ ನೀರಿನೊಂದಿಗೆ ನುಂಗುವ ಮಾತ್ರೆ ಎಂಬುದು ದೊಡ್ಡ ಅನುಕೂಲ. ಆದರೆ ಬೆಲೆ? ಬಾಯರ್ ಕಂಪನಿ ನೆಕ್ಸಾವರ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಸೊರಾಫೆನಿಬ್‌ನ 120 ಮಾತ್ರೆಗಳ ಒಂದು ತಿಂಗಳ ಕ್ರಯ ನಮ್ಮ ದೇಶದಲ್ಲಿ ಸುಮಾರು 2,80,000 ರೂಪಾಯಿ. ಇದೇ ಪೈಗಳು ಉಡುಪಿಯಲ್ಲಿ 1925ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಬ್ಯಾಂಕೊಂದನ್ನು ಸ್ಥಾಪಿಸಿದ್ದರು. ಆ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ಆರಂಭಿಸಿತ್ತು. ಪಿಗ್ಮಿ ಕಟ್ಟಿ ಬದುಕಿದ ಊರಿಗೆ ತಿಂಗಳಿಗೆ ಮೂರು ಲಕ್ಷದ ಹತ್ತಿರದ ಮದ್ದು ಎಂದರೆ ಇಲ್ಲದ ಮದ್ದೇ.

ಮುಂದೆ ನಡೆದುದು ನ್ಯಾಯದ ಕಥೆ. 2005ರಿಂದ ನಮ್ಮ ದೇಶದಲ್ಲಿ ಔಷಧದ ವಸ್ತುವಿಗೇ ಪೇಟೆಂಟ್ ಕೊಡುವ ಕಾನೂನು ಜಾರಿಗೆ ಬಂದಿತ್ತು. ಅದೇ ಕಾನೂನಿನ 84ನೆಯ ವಿಧಿಯಲ್ಲಿ ಒಂದು ಕಿಂಡಿಯೂ ಇತ್ತು: ಮದ್ದು ಜನಕ್ಕೆ ಸಾಕಷ್ಟು ದೊರೆಯದಿದ್ದರೆ, ಬೆಲೆ ನಿಲುಕದಿದ್ದರೆ, ಬೇರೆಯವರಿಗೆ ಅದನ್ನು ತಯಾರಿಸಲು ಕಡ್ಡಾಯವಾಗಿ ಪರವಾನಗಿ ಕೊಡಬಹುದು. ಹೈದರಾಬಾದಿನ ನಾಟ್ಕೋ ಎಂಬ ಕಂಪನಿ ಅರ್ಜಿ ಹಾಕಿತು. 2012ರ ಮಾರ್ಚ್ 9ರಂದು ಪೇಟೆಂಟ್ ನಿಯಂತ್ರಕ ಪಿ. ಎಚ್. ಕುರಿಯನ್ ದೇಶದ ಮೊತ್ತಮೊದಲ ಕಡ್ಡಾಯ ಪರವಾನಗಿಯನ್ನು ನೀಡಿದರು. ಮಾತ್ರೆಯ ತಿಂಗಳ ಕ್ರಯ 8,880 ರೂಪಾಯಿ ಮೀರಬಾರದು; ಮೂಲ ಕಂಪನಿಗೆ ನೂರಕ್ಕೆ 6ರಂತೆ ಗೌರವಧನ. ಮೇಲ್ಮನವಿಯಲ್ಲಿ ಈ ಪ್ರಮಾಣ ನೂರಕ್ಕೆ 7 ಆಯಿತು, ಆಜ್ಞೆ ನಿಂತಿತು. 2014ರಲ್ಲಿ ಬೊಂಬಾಯಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಸಂಶೋಧನೆಗೆ ಹಣ ಸುರಿದವರಿಗೆ ಪ್ರತಿಫಲ ಬೇಡವೆ ಎಂದು ಕೇಳಿದವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ಬೇಕಾದವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗಷ್ಟೇ ಮದ್ದು ತಲುಪುತ್ತಿತ್ತು ಎಂಬ ನಿಯಂತ್ರಕರ ಎಣಿಕೆಯ ಮುಂದೆ ಆ ಪ್ರಶ್ನೆ ನನಗೆ ಬಹಳ ತೆಳ್ಳಗೆ ಕಾಣುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಸೊರಾಫೆನಿಬ್ ಅಷ್ಟೇನೂ ಬಲವಾದ ಮದ್ದಲ್ಲ. ಅದು ರೋಗವನ್ನು ತಡೆದದ್ದು ಕೆಲವೇ ತಿಂಗಳು. ಆಮೇಲೆ ಅದಕ್ಕಿಂತ ಮೇಲಾದವು ಬಂದವು. 2016ರಲ್ಲಿ ಮೂತ್ರಪಿಂಡದ ಅರ್ಬುದಕ್ಕೆ ಮಂಜೂರಾದ ಕ್ಯಾಬೊಜಾಂಟಿನಿಬ್ ಎಲುಬಿಗಿಳಿದ ರೋಗದಲ್ಲೂ ಉಪಯುಕ್ತವೆಂದು ಕಂಡುಬಂದಿತು. 2015ರಿಂದೀಚೆಗೆ ದೇಹದ ರಕ್ಷಣಾಶಕ್ತಿಗೆ ಬಿದ್ದ ತಡೆಯನ್ನು ತೆಗೆಯುವ ನಿವೊಲುಮಾಬ್ ಮೊದಲಾದ ಚುಚ್ಚುಮದ್ದುಗಳು ಬಂದು, ಕೆಲವರ ಆಯುಸ್ಸನ್ನು ವರ್ಷಗಟ್ಟಲೆ ಬೆಳೆಸಿವೆ. ಬೆಲೆಯ ಹಳೆಯ ಪ್ರಶ್ನೆಯೂ ಅವುಗಳ ಬೆನ್ನಿಗೇ ಬಂದಿದೆ.

ಹರಡಿದ ಮೇಲೂ ಮೊದಲು ಮೂತ್ರಪಿಂಡವನ್ನು ತೆಗೆಯಲೇಬೇಕೆಂಬ ನಿಯಮವೂ ಸಡಿಲಿದೆ. 2018ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ತೆಗೆಯದೆ ಮಾತ್ರೆ ಕೊಟ್ಟವರು ತೆಗೆದು ಮಾತ್ರೆ ಕೊಟ್ಟವರಿಗಿಂತ ಹಿಂದೆ ಬೀಳಲಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಈಗ ವೈದ್ಯರು ಆಯಾ ರೋಗಿಯನ್ನು ನೋಡಿ ನಿರ್ಧರಿಸುತ್ತಾರೆ. “ಗಡ್ಡೆ ತೆಗೆಯಲಿಲ್ಲ, ಕೈಬಿಟ್ಟರು” ಎಂದು ಮನೆಯವರು ಗಾಬರಿಗೊಳ್ಳಬೇಕಾಗಿಲ್ಲ.

ಎಲುಬಿನ ಆರೈಕೆಗೆ ಮರಳೋಣ. ಕೆಡಹುವ ಜೀವಕೋಶಗಳ ಕೈಕಟ್ಟುವ ಜೊಲೆಡ್ರಾನಿಕ್ ಆಮ್ಲ ಎಂಬ ಮದ್ದು 2002ರಿಂದ ಇಂಥ ರೋಗಿಗಳಿಗೆ ದೊರೆತಿದೆ. ರಕ್ತನಾಳಕ್ಕೆ ಕಾಲು ಗಂಟೆಯಲ್ಲಿ ಹನಿಸುತ್ತಾರೆ. ಎಲುಬು ಮುರಿಯುವುದು ಕಡಮೆಯಾಗುತ್ತದೆ, ರಕ್ತದಲ್ಲಿ ಸುಣ್ಣದ ಅಂಶ ಏರಿ ರೋಗಿ ಮಂಪರಿಗೆ ಬೀಳುವುದು ತಪ್ಪುತ್ತದೆ. ಒಂದೇ ಮೂತ್ರಪಿಂಡ ಉಳಿದವರಿಗೆ ಅದರ ಶಕ್ತಿಯನ್ನು ಅಳೆದು ಪ್ರಮಾಣ ಗೊತ್ತುಮಾಡಬೇಕು. 2010ರಲ್ಲಿ ಬಂದ ಡೆನೊಸುಮಾಬ್‌ಗೆ ಆ ತೊಡಕಿಲ್ಲ. ಎರಡಕ್ಕೂ ಇರುವ ಒಂದು ವಿಚಿತ್ರ ದೋಷವೆಂದರೆ, ಮದ್ದು ನಡೆಯುತ್ತಿರುವಾಗ ಹಲ್ಲು ಕೀಳಿಸಿದರೆ ಕೆಲವರಲ್ಲಿ ದವಡೆಯ ಎಲುಬು ಸತ್ತುಹೋಗುತ್ತದೆ. ಆದುದರಿಂದ ಮದ್ದು ಹಿಡಿಯುವ ಮೊದಲೇ ಹಲ್ಲಿನ ವೈದ್ಯರನ್ನು ನೋಡಬೇಕು. ಮಣಿಪಾಲದಲ್ಲಿ 1965ರಿಂದಲೇ ದಂತವೈದ್ಯ ಕಾಲೇಜು ಇರುವಾಗ ನಮ್ಮವರಿಗೆ ಇದು ಕಷ್ಟವಾಗಬಾರದು.

ನೋವಿನ ಮಾತು ಎಲ್ಲಕ್ಕಿಂತ ಹಳೆಯದು, ಮತ್ತು ನಮ್ಮ ದೇಶದ ಮಟ್ಟಿಗೆ ಎಲ್ಲಕ್ಕಿಂತ ನಾಚಿಕೆಗೇಡಿನದು. ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ಲೋಕಕ್ಕೆ ಒದಗಿಸುವ ದೇಶ ನಮ್ಮದು. ಅದರಿಂದಲೇ ಆಗುವ ಮಾರ್ಫಿನ್ ಎಲುಬಿನ ನೋವಿಗೆ ನಂಬತಕ್ಕ ಮದ್ದು, ಅಗ್ಗವೂ ಹೌದು. 1985ರಲ್ಲಿ ಮಾದಕವಸ್ತುಗಳ ಕಟ್ಟುನಿಟ್ಟಿನ ಕಾನೂನು ಬಂದ ಮೇಲೆ ಆಸ್ಪತ್ರೆಗಳೂ ಅಂಗಡಿಗಳೂ ಹೆದರಿ ಅದನ್ನು ಇಡುವುದನ್ನೇ ಬಿಟ್ಟವು. 1997ರ ಹೊತ್ತಿಗೆ ಇಡೀ ದೇಶ ಚಿಕಿತ್ಸೆಗೆ ಬಳಸಿದ ಮಾರ್ಫಿನ್ 18 ಕಿಲೋಗ್ರಾಮಿಗೆ ಇಳಿದಿತ್ತು. 1923ರಲ್ಲಿ ನಮ್ಮ ಗೃಹಸ್ಥರಿಗೆ ಸಿಗುತ್ತಿದ್ದ ಅಫೀಮಿನ ನೆಮ್ಮದಿ 1990ರ ದಶಕದಲ್ಲಿ ಅವರ ಮೊಮ್ಮಗನಿಗೆ ಸಿಗಲಿಲ್ಲ ಎಂದರೆ ಇದನ್ನು ಪ್ರಗತಿ ಎನ್ನೋಣವೆ? ಈ ಕತ್ತಲೆಯಲ್ಲಿ ದೀಪ ಹಚ್ಚಿದವರು ನೆರೆಯ ಕಲ್ಲಿಕೋಟೆಯವರು. 1993ರಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಅಲ್ಲಿ ನೋವುಶಮನದ ಸಂಘವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1999ರಲ್ಲಿ ಕರುಣಾಶ್ರಯ ಬಾಗಿಲು ತೆರೆಯಿತು. 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ, ಹಲವು ಪರವಾನಗಿಗಳ ಬದಲು ಒಂದೇ ಸಾಕು ಎಂದಾಯಿತು. ಮಣಿಪಾಲದಲ್ಲೂ ಈಗ ಉಪಶಮನ ಚಿಕಿತ್ಸೆಯ ವಿಭಾಗವಿದೆ. ಆದರೂ ಮಾರ್ಫಿನ್ ಎಂದರೆ ‘ಕೊನೆಯ ಮದ್ದು’, ‘ಚಟ ಹಿಡಿಯುತ್ತದೆ’ ಎಂಬ ಭಯ ನಮ್ಮ ಮನೆಗಳಲ್ಲಿ ಹೋಗಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ರೋಗಿ ನಿದ್ದೆ ಮಾಡುತ್ತಾನೆ, ಉಣ್ಣುತ್ತಾನೆ, ಮೊಮ್ಮಕ್ಕಳೊಡನೆ ಮಾತಾಡುತ್ತಾನೆ.

ಈಗ ನಮ್ಮ ಕಾಪುವಿನ ಗೃಹಸ್ಥರು ಇಂದು ಮಣಿಪಾಲದಂಥ ಆಸ್ಪತ್ರೆಗೆ ಹೋದರೆ ಹೇಗೆ? ಗಂತಿಗೆ ಹೋಗುವ ರಕ್ತವನ್ನು ಕಟ್ಟಿ, ತೊಡೆಯೆಲುಬಿಗೆ ಸರಳು ಹಾಕುತ್ತಾರೆ. ಕೆಲವು ದಿನಗಳಲ್ಲಿ ಊರುಗೋಲು ಹಿಡಿದು ನಿಲ್ಲುತ್ತಾರೆ. ಗಾಯ ಮಾಗಿದ ಮೇಲೆ ಕಿರಣ. ಆಮೇಲೆ ಮಾತ್ರೆಯೋ ಚುಚ್ಚುಮದ್ದೋ. ರೋಗ ಹೋಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಅಂಗಡಿಯ ಗಲ್ಲದ ಮೇಲೆ ಕುಳಿತುಕೊಳ್ಳಬಹುದು. ಇನ್ನೂ ಮೊದಲೇ, ನೋವಿನ ಮೂರನೆಯ ವಾರದಲ್ಲೇ, ಒಂದು ಕ್ಷಕಿರಣದ ಚಿತ್ರ ತೆಗೆಸಿದ್ದರೆ ಎಲುಬು ಮುರಿಯುವ ಮುಂಚೆಯೇ ಸರಳು ಹಾಕಬಹುದಾಗಿತ್ತು. ಅದು ಎಷ್ಟೋ ಸುಲಭದ ಕೆಲಸ. ಮಲಗಿದರೂ ಬಿಡದ, ರಾತ್ರಿ ಎಬ್ಬಿಸುವ ಎಲುಬಿನ ನೋವಿಗೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ಚಿತ್ರ ತೆಗೆಸುವ ಮೊದಲು ತೈಲ ಹಾಕಿ ಬಲವಾಗಿ ತಿಕ್ಕಿಸುವುದು ಬೇಡ. ಟೊಳ್ಳಾದ ಎಲುಬು ಆ ಕೈಗೇ ಮುರಿದೀತು.

ಬೆನ್ನೆಲುಬಿನ ರೋಗಕ್ಕೆ ಮಾತ್ರ ಇನ್ನೊಂದು ಎಚ್ಚರ ಬೇಕು. ಬೆನ್ನುನೋವಿನ ಜೊತೆಗೆ ಕಾಲುಗಳು ಸೋಲತೊಡಗಿದರೆ, ಸೊಂಟದ ಕೆಳಗೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಗಂತಿ ಬೆನ್ನುಹುರಿಯನ್ನು ಒತ್ತುತ್ತಿದೆ ಎಂದು ಅರ್ಥ. 2005ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ತಕ್ಕ ರೋಗಿಗಳನ್ನು ಆರಿಸಿ ಕೂಡಲೇ ಶಸ್ತ್ರಕ್ರಿಯೆ ಮಾಡಿ ಆಮೇಲೆ ಕಿರಣ ಕೊಟ್ಟಾಗ, ಬರೀ ಕಿರಣ ಪಡೆದವರಿಗಿಂತ ಹೆಚ್ಚು ಮಂದಿ ನಡೆದಾಡುವ ಶಕ್ತಿಯನ್ನು ಉಳಿಸಿಕೊಂಡರು. ಆದರೆ ಕಾಲು ಪೂರ್ತಿ ಬಿದ್ದು ಎರಡು ಮೂರು ದಿನ ಕಳೆದ ಮೇಲೆ ಹೋದರೆ ಯಾವ ಆಸ್ಪತ್ರೆಯೂ ಹೆಚ್ಚೇನೂ ಮಾಡಲಾರದು. ನಾಳೆ ಸಂಕ್ರಾಂತಿ, ನಾಡಿದ್ದು ಮದುವೆ ಎಂದು ತಡಮಾಡಬೇಡಿ. ಕಾರ್ಕಳದಿಂದಾಗಲಿ ಕಾಪುವಿನಿಂದಾಗಲಿ ಆ ರಾತ್ರಿಯೇ ಗಾಡಿ ಹಿಡಿದು ಹೊರಡಿ.